ರದ್ದಿ ಕಾಗದದಲ್ಲಿ ಎಂಟನೇ ಕ್ಲಾಸು

ನಾನು ಓದಿದ್ದು ಮೂರನೇ ಕ್ಲಾಸು, ಕಲ್ಯಾಣದುರ್ಗದ ಕನ್ನಡ ಶಾಲೆಯಲ್ಲಿ. ಅಲ್ಲಿಗೆ ಮನೆಯವರು ಬಿಡಿಸಿದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೂ ನನ್ನ ಆಯುಸ್ಸಿನಲ್ಲಿ ಒಂದು ವರ್ಷ ಮಾತ್ರ ಕೈಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಅದನ್ನು ಬರೆಯಲು ಕೂತರೆ ನನ್ನ ಓದಿಗಿಂತ, ನನ್ನ ಎದುರಿಗೆ ಕೂತು ಓದಿದವರೇ ಮುಂದೆ ಬಂದು ನಿಲ್ಲುತ್ತಾರೆ. ನಿಲ್ಲಲಿ. ಓದಿ ಏನಾದರೂ ಆದವರು ಅವರು; ನಾನು ಓದಿ ಮರೆತವಳು.

ಮದುವೆಯಾಗಿ ಹಿಂದೂಪುರಕ್ಕೆ ಬಂದಾಗ ನನಗೆ ಹದಿನೇಳು. ಅರವತ್ತನೇ ಇಸವಿಗೆ ಇನ್ನೂ ಒಂದೆರಡು ವರ್ಷ ಇತ್ತು. ಮಾವನವರದು ಪುರಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ, ಕಡಲೆ, ಕಡಲೆಕಾಯಿ ಬೀಜ ಹುರಿದು ಗೋರಂಟ್ಲ, ಚಿಲಮತ್ತೂರು ಸಂತೆಗಳಿಗೆ ಕಳಿಸುವ ವ್ಯಾಪಾರ. ಗಂಡಸರು ಭಟ್ಟಿಯ ಮುಂದೆ, ಹೆಂಗಸರು ಪೊಟ್ಟಣದ ಮುಂದೆ. ಪೊಟ್ಟಣಕ್ಕೆ ಬೇಕಾದ ರದ್ದಿ ಕಾಗದ ಬೆಂಗಳೂರಿನಿಂದ ರೈಲಿನಲ್ಲಿ ಮೂಟೆಗಟ್ಟಲೆ ಬರುತ್ತಿತ್ತು. ಹಳೇ ಪತ್ರಿಕೆ, ಕೋರ್ಟಿನ ಕಾಗದ, ಲಗ್ನಪತ್ರಿಕೆ, ಶಾಲೆಯ ಪುಸ್ತಕ, ತಲೆ ಇಲ್ಲದ ಕಾದಂಬರಿ, ಬಾಲ ಇಲ್ಲದ ಕಾದಂಬರಿ, ಎಲ್ಲ ಒಂದೇ ಗೋಣಿಯಲ್ಲಿ.

ಮೂಟೆ ಬಿಚ್ಚಿದ ಕೂಡಲೇ ಪುಸ್ತಕಗಳ ರಟ್ಟು ಕೀಳಬೇಕು. ರಟ್ಟೂ ಅದರ ಪಕ್ಕದ ಮೊದಲ ಹಾಳೆಯೂ ಗಡುಸು, ಅಂಟಿಗೆ ಬಗ್ಗುವುದಿಲ್ಲ. ಅವು ನೇರ ಭಟ್ಟಿಯ ಉರಿಗೆ ಹೋಗುತ್ತಿದ್ದವು. ಉಳಿದದ್ದರ ಹೊಲಿಗೆ ಬಿಚ್ಚಿ, ದೊಡ್ಡ ಹಾಳೆ ಪುರಿಗೆ, ಸಣ್ಣ ಹಾಳೆ ಕಡಲೆಗೆ ಎಂದು ಬೇರೆ ಮಾಡಿ, ಮೈದಾಹಿಟ್ಟಿನ ಅಂಟು ಸವರಿ ಮಡಿಸುವುದು. ರಟ್ಟು ಕೀಳುವುದು ಹೊಸ ಸೊಸೆಯ ಕೆಲಸ. ಅದಕ್ಕೆ ಬುದ್ಧಿ ಬೇಡ, ಬೆರಳಿನ ಶಕ್ತಿ ಸಾಕು ಎಂದು ಅತ್ತೆಯ ಲೆಕ್ಕ.

ಮನೆಯಲ್ಲಿ ಗಂಡನ ಅಕ್ಕ ಇದ್ದರು. ನಮ್ಮ ಮನೆಮಾತು ಕನ್ನಡವಾದರೂ ಗಂಡನ ಅಕ್ಕನನ್ನು ತೆಲುಗಿನಲ್ಲಿ ವದಿನ ಅನ್ನುವುದು ಆ ಬೀದಿಯ ರೂಢಿ. ನಾನೂ ವದಿನಮ್ಮ ಅಂತಲೇ ಕರೆದೆ. ಅವರ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಅದು ತಿಳಿದ ದಿನವೇ ಟ್ರಂಕು ಹೊತ್ತು ತೌರಿಗೆ ಬಂದರಂತೆ. ಟ್ರಂಕು ಇಳಿಸಿ, ಕಾಲು ತೊಳೆದು, ‘ಅಂಟು ಕಲಸಿದ್ದೀಯೇನಮ್ಮ?’ ಎಂದು ಪೊಟ್ಟಣಕ್ಕೆ ಕೂತರಂತೆ. ನಾನು ಬರುವ ಹೊತ್ತಿಗೆ ಅದೆಲ್ಲ ಹಳೆಯ ಸಂಗತಿ. ಆ ಗಂಡಸಿನ ಬಗ್ಗೆ ಅವರ ಬಾಯಲ್ಲಿ ಒಂದು ಮಾತು ಕೇಳಲಿಲ್ಲ. ಬೈದಿದ್ದರೆ ನಾನೂ ಜೊತೆಗೆ ಬೈಯಬಹುದಿತ್ತು.

ಅವರು ಐದನೇ ಕ್ಲಾಸು ಓದಿದವರು. ನಾನು ಮೂಟೆಯಲ್ಲಿ ಕಾಗದ ನೋಡಿದರೆ ಅವರು ಅಕ್ಷರ ನೋಡುತ್ತಿದ್ದರು. ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಜೋರಾಗಿ ಓದುವುದು, ಕೈ ಮಾತ್ರ ಇನ್ನೊಂದು ಹಾಳೆ ಮಡಿಸುತ್ತಲೇ ಇರುವುದು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರದೊಂದು ಕಾನೂನು ಇತ್ತು.

‘ಓದ್ಕೊಳ್ಳಿ, ಬ್ಯಾಡ ಅನ್ನಲ್ಲ. ಕೈ ನಿಂತ್ರೆ ಮಾತ್ರ ಬಾಯೂ ನಿಲ್ಲಬೇಕು ಕಣಮ್ಮ.’

ಹೀಗೆ ಓದಿದ್ದಕ್ಕೆ ಲೆಕ್ಕವಿಲ್ಲ. ರೈಲಿನ ವೇಳಾಪಟ್ಟಿ ಓದಿದೆವು. ಎಮ್ಮೆಗೆ ಬರುವ ಗಂಟಲು ಬೇನೆ, ಹತ್ತಿಗೆ ಬೀಳುವ ಹುಳು, ಯಾರದೋ ಅಣ್ಣತಮ್ಮಂದಿರ ಬಾವಿ ಜಗಳದ ಕೋರ್ಟು ಕಾಗದ, ನಕ್ಷತ್ರ ಎಷ್ಟು ದೂರ ಇದೆ ಅನ್ನುವ ಲೇಖನ, ಎಲ್ಲ ಓದಿದೆವು. ಬಾವಿ ಜಗಳ ಅತ್ತೆಗೆ ಬಹಳ ಹಿಡಿಸಿತು. ಮುಂದಿನ ಹಾಳೆ ಸಿಗಲಿಲ್ಲ. ಎರಡು ತಿಂಗಳು ಮೂಟೆ ಬಂದಾಗಲೆಲ್ಲ, ‘ಆ ಬಾವಿ ಕತೆ ಏನಾಯ್ತು ನೋಡ್ರಿ’ ಅನ್ನುತ್ತಿದ್ದರು. ಒಮ್ಮೆ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆಯಲ್ಲಿ ಉಲ್ಲನ್ನಿನ ಕಾಲುಚೀಲ ಹೆಣೆಯುವ ಚಿತ್ರಗಳಿದ್ದವು. ವದಿನಮ್ಮ ಸೈಕಲ್ ಕಡ್ಡಿ ಎರಡು ತಂದು, ಅದನ್ನು ಕಲ್ಲಿಗೆ ಉಜ್ಜಿ ನಯ ಮಾಡಿ, ಚಿತ್ರ ನೋಡಿಕೊಂಡೇ ಹೆಣೆದರು. ಹಿಮ್ಮಡಿಯ ಭಾಗ ಮುಂದಿನ ಹಾಳೆಯಲ್ಲಿತ್ತೋ ಏನೋ. ಹಿಮ್ಮಡಿ ಇಲ್ಲದ ಉದ್ದನೆಯ ಚೀಲವಾಯಿತು. ಮಾವನವರು ಅದನ್ನು ಕೈಗೆ ತೊಟ್ಟು ಬಿಸಿ ಬಾಣಲೆ ಇಳಿಸಲು ಇಟ್ಟುಕೊಂಡರು. ಎರಡನೇ ಕೈಗೂ ಒಂದು ಬೇಕು ಎಂದರು. ವದಿನಮ್ಮ ನಕ್ಕು ಅದನ್ನೂ ಹೆಣೆದು ಕೊಟ್ಟರು. ಹಾಳಾದ ಕೆಲಸದಿಂದಲೂ ಏನಾದರೂ ಒಂದು ಎಬ್ಬಿಸಿಕೊಳ್ಳುವ ಹೆಂಗಸು.

ಬೀದಿಯಲ್ಲಿ ಹೆರಿಗೆ ಅಂದರೆ ಸೂಲಗಿತ್ತಿಯ ಜೊತೆ ಅವರನ್ನೂ ಕರೆಯುತ್ತಿದ್ದರು. ಹೆದರುವವರ ಕೈ ಹಿಡಿದುಕೊಳ್ಳಲು, ಗಾಬರಿಯಾದ ಗಂಡಸರನ್ನು ಹೊರಗೆ ಅಟ್ಟಲು. ಒಂದು ಸಲ ಕಷ್ಟದ ಹೆರಿಗೆಯವಳನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದಾಗ ಅಲ್ಲಿಯ ಡಾಕ್ಟರಮ್ಮ ಇವರ ಕೆಲಸ ನೋಡಿದರು. ‘ಎಂಟನೇ ಕ್ಲಾಸು ಪಾಸಾಗಿದ್ದರೆ ಮಿಡ್‌ವೈಫ್ ತರಬೇತಿಗೆ ಬರೆದುಕೊಡುತ್ತಿದ್ದೆ. ಆದರೆ ಮೂವತ್ತು ತುಂಬಿದರೆ ತೆಗೆದುಕೊಳ್ಳುವುದಿಲ್ಲ’ ಎಂದರಂತೆ. ಆಗ ವದಿನಮ್ಮನಿಗೆ ಇಪ್ಪತ್ತೆಂಟು ದಾಟಿತ್ತು. ಪರೀಕ್ಷೆ ವರ್ಷಕ್ಕೊಂದೇ ಸಲ, ಬೇಸಿಗೆಗೆ ಮುಂಚೆ. ಆ ವರ್ಷದ್ದು ಆಗಲೇ ಮುಗಿದಿತ್ತು. ಮುಂದಿನ ವರ್ಷದ್ದು ತಪ್ಪಿದರೆ ಅದರ ಮುಂದಿನದಕ್ಕೆ ವಯಸ್ಸು ದಾಟುತ್ತದೆ. ಅಂದರೆ ಇದ್ದದ್ದು ಒಂದೇ ಪರೀಕ್ಷೆ.

ಆ ದಿನ ಅವರು ಮನೆಗೆ ಬಂದು ಅತ್ತೆಯ ಮುಂದೆ ನಿಂತು ಹೇಳಿದರು:

‘ಅಮ್ಮ, ನಾನು ಎಂಟನೇ ಕ್ಲಾಸು ಕಟ್ತೀನಿ.’

‘ಕಟ್ಟು. ಪೊಟ್ಟಣ?’

‘ಅದನ್ನೂ ಕಟ್ತೀನಿ.’

‘ಹಂಗಾದ್ರೆ ನನ್ನೇನು ಕೇಳ್ತೀಯಾ?’

ಹೊಸ ಪುಸ್ತಕ ಕೊಳ್ಳುವ ಮಾತು ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಮನೆ ತುಂಬ ಪುಸ್ತಕ ಬಿದ್ದಿರುವಾಗ ದುಡ್ಡು ಕೊಟ್ಟು ಪುಸ್ತಕ ತರುವವರು ಯಾರು? ಶಾಲೆಗಳು ಮುಗಿದ ಕಾಲ. ಮೂಟೆಯಲ್ಲಿ ಪಠ್ಯಪುಸ್ತಕಗಳೇ ರಾಶಿ. ಎಂಟನೇ ಕ್ಲಾಸಿನದು ಸಿಕ್ಕಿದರೆ ಎತ್ತಿಡು ಎಂದು ವದಿನಮ್ಮ ನನಗೆ ಹೇಳಿದರು. ನಾನು ಶಿಸ್ತಾಗಿ ಎತ್ತಿಟ್ಟೆ. ರಟ್ಟು ಕಿತ್ತೇ ಎತ್ತಿಟ್ಟೆ, ಮೊದಲ ಹಾಳೆ ಸಮೇತ. ಕೈಗೆ ಬಂದ ಅಭ್ಯಾಸ. ಲೆಕ್ಕ, ವಿಜ್ಞಾನ, ಚರಿತ್ರೆ, ಭೂಗೋಳ, ಕನ್ನಡ ವಾಚಕ, ಒಂದೊಂದು ಮೂರು ನಾಲ್ಕು ಪ್ರತಿ ಸಿಕ್ಕಿದವು. ಒಂದರಲ್ಲಿ ಹರಿದ ಹಾಳೆ ಇನ್ನೊಂದರಲ್ಲಿ ಇತ್ತು. ಸೂಜಿ ದಾರದಲ್ಲಿ ಹೊಲಿದು ಐದು ಪೂರ್ತಿ ಪುಸ್ತಕ ಮಾಡಿದೆವು.

ಮುಂದಿನ ಎಂಟು ಒಂಬತ್ತು ತಿಂಗಳು ಅವರು ಓದಿದ್ದನ್ನು ನಾನು ಕಣ್ಣಾರೆ ನೋಡಿದೆ. ಅಂಥ ಓದನ್ನು ಆಮೇಲೆ ನನ್ನ ಮಕ್ಕಳಲ್ಲಿ ನೋಡಲಿಲ್ಲ, ಮೊಮ್ಮಕ್ಕಳಲ್ಲೂ ನೋಡಲಿಲ್ಲ. ಅವರು ಕೋಪ ಮಾಡಿಕೊಂಡರೂ ಸರಿ. ವದಿನಮ್ಮ ಲೆಕ್ಕವನ್ನು ಭಟ್ಟಿಯ ಗೋಡೆಗೆ ಇದ್ದಿಲಲ್ಲಿ ಬಿಡಿಸುತ್ತಿದ್ದರು. ಗೋಡೆ ತುಂಬಿದರೆ ನಾನು ಸೆಗಣಿ ಸಾರಿಸುತ್ತಿದ್ದೆ. ಹಸುವಿನ ಹಾಲು ಕರೆಯುವಾಗ ಹಲ್ಲಿನ ವಿಧಗಳು, ಅಕ್ಕಿ ಆರಿಸುವಾಗ ಗಾಳಿಯ ಒತ್ತಡ. ನಾನು ಪುಸ್ತಕ ಹಿಡಿದು ಒಪ್ಪಿಸಿಕೊಳ್ಳುವವಳು. ಮೈಸೂರು ಸೀಮೆಯ ನದಿ, ಮೈಸೂರಿನ ರಾಜರು, ಅಲ್ಲಿಯ ಜಿಲ್ಲೆ, ಅಲ್ಲಿಯ ಬೆಳೆ, ಎಲ್ಲ ಅವರಿಗೆ ಗಟ್ಟಿ. ಕೇಳಿ ಕೇಳಿ ಅತ್ತೆಗೂ ಗಟ್ಟಿ. ನಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅರ್ಜಿ ಕೊಡಲು ಊರಿನ ದೊಡ್ಡ ಶಾಲೆಗೆ ಹೋದೆವು. ವದಿನಮ್ಮ ಪುಸ್ತಕಗಳನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ತೋರಿಸಬೇಕು ಅನ್ನುವ ಆಸೆ, ಮತ್ತೇನಿಲ್ಲ. ಗುಮಾಸ್ತರು ಭೂಗೋಳವನ್ನು ತೆಗೆದು, ಹಿಂದೆ ಮುಂದೆ ತಿರುಗಿಸಿ, ಎಲ್ಲಿಯದು ಎಂದು ತೆಲುಗಿನಲ್ಲಿ ಕೇಳಿದರು.

‘ಎಕ್ಕಡಿದಮ್ಮಾ ಈ ಪುಸ್ತಕಂ?’

‘ಬೆಂಗಳೂರ್ದು ಸಾರ್. ರದ್ದೀಲಿ ಬಂದದ್ದು.’

‘ಇದಿ ಮೈಸೂರು ವಾಳ್ಳದಿ ಕದಮ್ಮಾ. ಮನದಿ ಕಾದು.’

ಮೈಸೂರಿನವರದು, ನಮ್ಮದಲ್ಲ. ಅಷ್ಟೇ ಹೇಳಿದರು, ನಗಲಿಲ್ಲ. ಅವರು ಒಳ್ಳೆಯವರು. ನಮ್ಮದು ಆಂಧ್ರ ಸರ್ಕಾರ. ಪರೀಕ್ಷೆಯೂ ಆ ಸರ್ಕಾರದ್ದು, ಪಾಠವೂ ಅದರದ್ದೇ. ಲೆಕ್ಕ ವಿಜ್ಞಾನ ಎಲ್ಲಿಯದಾದರೂ ಹೆಚ್ಚು ಕಡಿಮೆ ಒಂದೇ. ಚರಿತ್ರೆ, ಭೂಗೋಳ, ಕನ್ನಡ ವಾಚಕ ಮೂರೂ ಬೇರೆ. ಮೂರನ್ನೂ ವದಿನಮ್ಮ ಕಣ್ಣಿನಲ್ಲಿ ನೋಡಿಲ್ಲ. ಪರೀಕ್ಷೆಗೆ ಎರಡು ತಿಂಗಳು ಚಿಲ್ಲರೆ ಉಳಿದಿತ್ತು. ಕನ್ನಡದಲ್ಲಿ ಬರೆಯುವವರ ಪುಸ್ತಕ ಇಲ್ಲಿ ಸಿಗುವುದಿಲ್ಲ, ಈ ಶಾಲೆಯಲ್ಲಿ ಎಲ್ಲ ತೆಲುಗು ಎಂದರು ಗುಮಾಸ್ತರು. ವದಿನಮ್ಮನಿಗೆ ತೆಲುಗು ಮಾತು ನೀರು ಕುಡಿದ ಹಾಗೆ. ಓದಲೂ ಬರುತ್ತಿತ್ತು, ನಿಧಾನ. ಮೂರು ಗಂಟೆ ಕೂತು ಪರೀಕ್ಷೆ ಬರೆಯುವಷ್ಟು ಇರಲಿಲ್ಲ.

ಮನೆಯ ಹತ್ತಿರ ಬಂದಾಗ ನಾನೇ ಬಾಯಿಬಿಟ್ಟೆ.

‘ರಟ್ಟು ಕಿತ್ತೋಳು ನಾನೇ ವದಿನಮ್ಮ. ಇದ್ದಿದ್ರೆ ಯಾವ ಸರ್ಕಾರದ್ದು ಅಂತ ಮೇಲೇ ಬರ್ದಿರ್ತಿತ್ತು.’

‘ಇದ್ದಿದ್ರೂ ನಾನು ನೋಡ್ತಿರ್ಲಿಲ್ಲ ಬಿಡಮ್ಮಿ’ ಎಂದರು. ‘ಗೌರಿಬಿದನೂರು ಬ್ಯಾರೆ ಸರ್ಕಾರ ಅಂತ ಯಾರು ನೆನಪಿಟ್ಕೊಂಡವ್ರೆ? ನಮ್ ದೊಡ್ಡಮ್ಮನ ಮನೆ ಅಲ್ಲೈತೆ. ಬೆಳಿಗ್ಗೆ ಹೋಗಿ ಸಂಜಿಗೆ ಬತ್ತೀವಿ.’

ಅದು ನಿಜ. ಗಡಿ ಅನ್ನುವುದು ನಮಗೆ ಬಸ್ಸಿನ ದಾರಿಯಲ್ಲಿ ಒಂದು ಗೇಟು, ಅಷ್ಟೇ.

ಆಗ ನನಗೆ ಹೊಳೆಯಿತು. ಕಲ್ಯಾಣದುರ್ಗದಲ್ಲಿ ನಾನು ಓದಿದ ಶಾಲೆ ಕನ್ನಡದ್ದು, ಸರ್ಕಾರ ಆಂಧ್ರದ್ದು. ಅಲ್ಲಿ ಎಂಟನೇ ಕ್ಲಾಸೂ ಇದೆ, ಸರಿಯಾದ ಪುಸ್ತಕವೂ ಇರುತ್ತದೆ. ಹೇಳಿದೆ. ಮೂರನೇ ಕ್ಲಾಸು ಓದಿದವಳಿಗೂ ಒಮ್ಮೊಮ್ಮೆ ಹೊಳೆಯುತ್ತದೆ.

ಅತ್ತೆಯ ಮುಂದೆ ಇಬ್ಬರೂ ನಿಂತೆವು. ನನ್ನ ಗಂಡ, ‘ಎರಡು ತಿಂಗಳಾ? ಸಂತೆಗೆ ಪೊಟ್ಟಣ ಯಾರು ಕೊಡ್ತಾರೆ?’ ಎಂದರು. ಅತ್ತೆ ಅವರ ಕಡೆ ತಿರುಗಲೂ ಇಲ್ಲ.

‘ಒಬ್ಳನ್ನೇ ಬೀಗರ ಮನೆಗೆ ಕಳ್ಸಕ್ಕಾಗಲ್ಲ. ಇಬ್ರೂ ಹೋಗಿ. ಪೊಟ್ಟಣ ನಾನು ಕಟ್ತೀನಿ.’

‘ನಿನ್ನೊಬ್ಬಳ ಕೈಲಿ ಆಗಲ್ಲಮ್ಮ.’

‘ಆಗ್ದಿದ್ರೆ ಸಂತೆಯೋರು ಸೆರಗಿಗೆ ಹಾಕ್ಕೊಂಡು ಹೋಗ್ತಾರೆ’ ಎಂದು ಅತ್ತೆ ವದಿನಮ್ಮನ ಕಡೆ ತಿರುಗಿದರು. ‘ನೀನು ಮೈಸೂರು ಮಾರಾಜನ ಕತೆ ಕಲ್ತದ್ದು ಸಾಕು, ಹೋಗು.’

ಅತ್ತೆಯನ್ನು ನಾನು ಮೊದಲ ಸಲ ಮೆಚ್ಚಿದ್ದು ಆವತ್ತು. ಅದಕ್ಕೆ ಮುಂಚೆ ಬರೀ ಹೆದರುತ್ತಿದ್ದೆ.

ಪಾವಗಡದಲ್ಲಿ ಬಸ್ಸು ಬದಲಾಯಿಸಿ ಕಲ್ಯಾಣದುರ್ಗ ಸೇರಿದೆವು. ಹೆಣ್ಣು ಕೊಟ್ಟ ಮನೆಗೆ ಗಂಡಿನ ಅಕ್ಕ ಬರುವುದು ಅಂದರೆ ಸಣ್ಣ ಸಂಗತಿಯಲ್ಲ. ಮಣೆ ಹಾಕಬೇಕು, ಸಿಹಿ ಮಾಡಬೇಕು, ಹೋಗುವಾಗ ಸೀರೆ ಕೊಡಬೇಕು, ಒಂದು ಕಡ್ಡಿ ಎತ್ತಲು ಬಿಡಬಾರದು. ಅವರು ಎರಡು ದಿನ ಇದ್ದು ಹೋಗುವವರು ಎಂದುಕೊಂಡ ನನ್ನ ಅಮ್ಮ ಮೊದಲ ದಿನ ಹೋಳಿಗೆ ಮಾಡಿದರು. ಎರಡನೇ ದಿನ ಪಾಯಸ. ಎರಡು ತಿಂಗಳು ಇರುತ್ತಾರೆ ಎಂದು ನಾನು ಹೇಳಿದಾಗ ಅಮ್ಮ ಒಲೆಯ ಮುಂದೆ ಕೂತುಬಿಟ್ಟರು.

‘ಎರಡು ತಿಂಗ್ಳು ಹೋಳಿಗೆ ಎಲ್ಲಿಂದ ತರ್ಲಮ್ಮಿ ನಾನು?’

ವದಿನಮ್ಮನಿಗೆ ಕೇಳಿಸಿತು. ಒಳಗೆ ಬಂದು ಮುದ್ದೆ ಕೋಲು ಕೈಗೆ ತೆಗೆದುಕೊಂಡರು.

‘ಅಮ್ಮಾ, ನಾನು ಬೀಗತಿ ಆಗಿ ಬಂದಿಲ್ಲ, ಎಂಟನೇ ಕ್ಲಾಸಿನ ಹುಡ್ಗಿ ಆಗಿ ಬಂದಿದ್ದೀನಿ. ಸ್ಕೂಲ್ ಹುಡ್ಗೀರಿಗೆ ಯಾರು ಹೋಳಿಗೆ ಹಾಕ್ತಾರೆ? ಮುದ್ದೆ ಹಾಕು.’

‘ಅಯ್ಯೋ, ನೀವು ಕೋಲು ಹಿಡಿಯೋದಾ! ನೋಡಿದೋರು ನನ್ನ ಮುಖಕ್ಕೆ ಉಗೀತಾರೆ.’

‘ಬಾಗ್ಲು ಹಾಕ್ಕೋ ಮತ್ತೆ. ಯಾರು ನೋಡ್ತಾರೆ?’

ಅಮ್ಮ ನಿಜವಾಗಿಯೂ ಬಾಗಿಲು ಹಾಕಿದರು. ಎರಡು ತಿಂಗಳು ನಮ್ಮ ಮನೆಯಲ್ಲಿ ಮುದ್ದೆ ತಿರುವುವ ಹೊತ್ತಿಗೆ ಬೀದಿ ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಏನೋ ಗುಟ್ಟು ನಡೆಯುತ್ತಿದೆ ಎಂದು ಪಕ್ಕದ ಮನೆಯವರು ಮಾತಾಡಿಕೊಂಡರು.

ಕನ್ನಡ ಶಾಲೆಯ ಎಂಟನೇ ಕ್ಲಾಸಿನ ಮೇಷ್ಟ್ರು ವದಿನಮ್ಮನಿಗಿಂತ ಚಿಕ್ಕವರು, ಹೊಸದಾಗಿ ಕೆಲಸಕ್ಕೆ ಬಂದವರು. ಪರೀಕ್ಷೆಯ ಅರ್ಜಿ ತೆಗೆದುಕೊಂಡರು. ಪುಸ್ತಕ ಕೊಡಲು ಆಗುವುದಿಲ್ಲ, ಇರುವುದೇ ಒಂದು ಜೊತೆ, ಬೇಕಾದರೆ ಕ್ಲಾಸಿನಲ್ಲಿ ಕೂತು ಕೇಳಲಿ ಎಂದರು. ಹಾಗೆ ಹೇಳಿದರೆ ನಾಚಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದರೋ ಏನೋ. ಮಾರನೇ ದಿನ ಗಂಟೆ ಬಾರಿಸುವ ಮುಂಚೆ ವದಿನಮ್ಮ ಹುಡುಗಿಯರ ಸಾಲಿನಲ್ಲಿ ಚಾಪೆಯ ತುದಿಗೆ ಕೂತಿದ್ದರು. ಸಾಲಿನಲ್ಲಿ ಇದ್ದದ್ದು ಮೂವರು ಹುಡುಗಿಯರು. ನಾನು ಹೊರಗೆ ಜಗುಲಿಯಲ್ಲಿ. ಒಳಗೆ ಬಂದು ಕುರ್ಚಿಯಲ್ಲಿ ಕೂತ ಮೇಷ್ಟ್ರು ಇವರನ್ನು ಕಂಡು, ಪಾಪ, ಎದ್ದು ನಿಂತುಬಿಟ್ಟರು. ಇವರು ಚಾಪೆಯಿಂದ ಎದ್ದರು. ಇಬ್ಬರೂ ನಿಂತರು. ಕೊನೆಗೆ ವದಿನಮ್ಮನೇ, ‘ನೀವು ಕೂತ್ಕಳಿ ಸಾರ್, ಆಮ್ಯಾಕೆ ನಾವು ಕೂರ್ತೀವಿ’ ಎಂದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊದಲ ವಾರ ಹುಡುಗಿಯರು ತಮಾಷೆ ಮಾಡಿದರು. ‘ಅತ್ತೇ, ನಿಮ್ ಸ್ಲೇಟು ಎಲ್ಲಿ?’ ಅನ್ನುವುದು, ಮುಸಿಮುಸಿ ನಗುವುದು. ಬಡ್ಡಿ ಲೆಕ್ಕ ಬಂದ ದಿನ ಇಡೀ ಕ್ಲಾಸು ಕಂಗಾಲಾಗಿ ಕೂತಾಗ ಇವರು ನೆಲದ ಮೇಲೆ ಬೆರಳಲ್ಲಿ ಬಿಡಿಸಿ ಉತ್ತರ ಹೇಳಿಬಿಟ್ಟರು. ಮೈಸೂರಿನ ಬಡ್ಡಿಯೂ ಆಂಧ್ರದ ಬಡ್ಡಿಯೂ ಒಂದೇ ತಾನೇ. ಮಾರನೇ ದಿನದಿಂದ ಮೂವರೂ ಸಂಜೆ ನಮ್ಮ ಮನೆಗೆ ಬರಲು ಶುರು. ಇವರು ಅವರಿಗೆ ಲೆಕ್ಕ ಹೇಳಿಕೊಡುವುದು, ಅವರು ಇವರಿಗೆ ಭೂಗೋಳ ಓದಿ ಹೇಳುವುದು. ಅಮ್ಮ ಎಲ್ಲರಿಗೂ ಹುರಿಗಡಲೆ ಹಂಚುವುದು.

ಕಷ್ಟವಾದದ್ದು ಹೊಸದು ಕಲಿಯುವುದಕ್ಕಿಂತ ಹಳೆಯದನ್ನು ಬಿಡುವುದು. ನಮ್ಮ ರಾಜ್ಯದ ನಕ್ಷೆ ಬರೆಯಿರಿ ಎಂದರೆ ಅವರ ಕೈ ತಾನಾಗಿ ಮೈಸೂರನ್ನು ಬರೆಯುತ್ತಿತ್ತು. ಸಮುದ್ರ ಎಡಗಡೆ ಬಂದುಬಿಡುತ್ತಿತ್ತು. ‘ಬಲಗಡೆ ವದಿನಮ್ಮ, ಬಲಗಡೆ’ ಎಂದು ನಾನು ಕೂಗುವುದು. ಅವರು ಹಲ್ಲು ಕಚ್ಚಿಕೊಂಡು ಅಳಿಸುವುದು. ಒಂದು ದಿನ ನಕ್ಷೆ ಮೂರು ಸಲ ತಪ್ಪಿತು. ಬಳಪ ಬಿಸಾಕಿ ಹಿತ್ತಲಿಗೆ ಹೋದರು. ಅಳುತ್ತಾರೆ ಎಂದುಕೊಂಡು ನಾನು ಹಿಂದೆ ಹೋದೆ. ಅವರು ಅಳುತ್ತಿರಲಿಲ್ಲ. ಒಣಗಿದ ನೆಲದ ಮೇಲೆ ಕಡ್ಡಿಯಲ್ಲಿ, ಹಿತ್ತಲಿನಷ್ಟು ದೊಡ್ಡದಾಗಿ ಆಂಧ್ರವನ್ನು ಗೀರುತ್ತಿದ್ದರು. ಬಾವಿಕಟ್ಟೆಯ ಕಡೆ ಸಮುದ್ರ, ಕೊಟ್ಟಿಗೆಯ ಕಡೆ ನಮ್ಮ ಜಿಲ್ಲೆ. ಆಮೇಲೆ ದಿನಾ ಅದರ ಮೇಲೆ ನಡೆದರು. ‘ಇಲ್ಲಿ ಕೃಷ್ಣಾ ದಾಟ್ತೀನಿ, ಇಲ್ಲಿ ಗೋದಾವರಿ’ ಎಂದು ಕಾಲು ಎತ್ತಿ ಎತ್ತಿ ಇಡುವುದು. ನಮ್ಮ ಅಮ್ಮನೂ ನೀರು ಸೇದಲು ಹೋಗುವಾಗ ನದಿ ತುಳಿಯದೆ ದಾಟುತ್ತಿದ್ದರು. ಹಿತ್ತಲು ಗುಡಿಸುವುದನ್ನೇ ಬಿಟ್ಟೆವು.

ಪರೀಕ್ಷೆ ನಾಲ್ಕು ದಿನ. ಚರಿತ್ರೆ ಭೂಗೋಳ ಕೊನೆಯ ದಿನ. ಅದನ್ನು ಬರೆದು ಹೊರಗೆ ಬಂದವರ ಮುಖ ನೋಡಿದರೆ ಏನೂ ತಿಳಿಯಲಿಲ್ಲ.

‘ಏನಾಯ್ತು?’

‘ಸಮುದ್ರ ಬಲಗಡೇನೇ ಹಾಕ್ದೆ. ರಾಜರ ಪ್ರಶ್ನೆಗೆ ಮಾತ್ರ ಮೈಸೂರೋನು ಒಬ್ಬ ನುಗ್ಗಿಬಿಟ್ಟ. ಅರ್ಧ ಬರ್ದ ಮ್ಯಾಲೆ ಗೊತ್ತಾಯ್ತು, ಹೊಡೆದು ಹಾಕ್ದೆ. ಇನ್ನೊಂದು ಬರೆಯಕ್ಕೆ ಟೈಮ್ ಇರ್ಲಿಲ್ಲ.’

‘ಪಾಸಾಗ್ತೀರಾ?’

‘ಗೊತ್ತಿಲ್ಲ ಕಣಮ್ಮಿ. ಬಸ್ಸಿಗೆ ಹೊತ್ತಾಯ್ತು, ನಡಿ.’

ಹಿಂದೂಪುರಕ್ಕೆ ಬಂದರೆ ಅತ್ತೆಯ ಬೆರಳೆಲ್ಲ ಅಂಟಿನಿಂದ ಬಿರುಕು ಬಿಟ್ಟಿತ್ತು. ಒಂದು ಸಂತೆಯೂ ತಪ್ಪಿರಲಿಲ್ಲ. ಹೇಗೆ ಬರೆದೆ ಎಂದು ಕೇಳಲಿಲ್ಲ. ಬಿಸಿನೀರು ಕಾದಿದೆ, ಕಾಲು ತೊಳೆದುಕೊಳ್ಳಿ ಎಂದರು. ವದಿನಮ್ಮ ಆ ಬೆರಳುಗಳನ್ನು ನೋಡಿದರು. ಅಂಟಿನ ಬಟ್ಟಲನ್ನು ಅತ್ತೆಯ ಮುಂದಿನಿಂದ ಎತ್ತಿಕೊಂಡು ಅಲ್ಲೇ ಕೂತರು.

ಬೇಸಿಗೆ ಮುಗಿಯುತ್ತಾ ಬಂದಾಗ ಮೇಷ್ಟ್ರು ಬರೆದ ಕಾರ್ಡು ಬಂತು. ವದಿನಮ್ಮ ಮೊದಲು ಓದಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅತ್ತೆ ಅವರ ಕೈಯಿಂದ ಕಾರ್ಡು ಕಿತ್ತು ನನಗೆ ಕೊಟ್ಟರು.

‘ನೀನು ಓದು. ಇವಳು ಫೇಲಾಗಿದ್ರೂ ನಂಗೆ ನೋವಾಗ್ತೈತೆ ಅಂತ ಪಾಸು ಅಂದ್ಬುಡ್ತಾಳೆ.’

ನಾನು ಓದಿದೆ. ಎಲ್ಲದರಲ್ಲಿಯೂ ಪಾಸು. ಲೆಕ್ಕದಲ್ಲಿ ಶಾಲೆಗೇ ಮೊದಲು. ಚರಿತ್ರೆ ಭೂಗೋಳದಲ್ಲಿ ಗೆರೆ ಮುಟ್ಟಿ ನಿಂತಿದ್ದಾರೆ, ಒಂದೇ ಒಂದು ಮಾರ್ಕು ಕಡಿಮೆಯಾಗಿದ್ದರೂ ಹೋಗುತ್ತಿತ್ತು ಎಂದು ಮೇಷ್ಟ್ರು ಬರೆದಿದ್ದರು. ಮೂವರು ಹುಡುಗಿಯರೂ ಪಾಸು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

‘ಇನ್ನೊಂದು ಸಲ ಓದು’ ಎಂದರು ಅತ್ತೆ.

ಇನ್ನೊಂದು ಸಲ ಓದಿದೆ. ಅಷ್ಟರಲ್ಲಿ ವದಿನಮ್ಮ ಮುಖ ತೊಳೆದು, ಬೇರೆ ಸೀರೆ ಉಟ್ಟು, ಕಾರ್ಡಿಗಾಗಿ ಕೈ ಚಾಚಿ ನಿಂತಿದ್ದರು.

‘ಎಲ್ಲಿಗೇ?’

‘ಆಸ್ಪತ್ರೆಗೆ. ಡಾಕ್ಟರಮ್ಮ ಹನ್ನೊಂದಕ್ಕೆ ಎದ್ದು ಹೋಯ್ತಾರೆ.’

ನಾನೂ ಸೆರಗು ಹೊದ್ದುಕೊಂಡು ಹಿಂದೆ ಹೊರಟೆ. ಬಿಸಿಲು ಏರಿತ್ತು. ಅವರು ಸಂತೆಬೀದಿಯ ಗಾಡಿಗಳ ನಡುವೆ ನುಗ್ಗಿ ನಡೆದ ಬಿರುಸಿಗೆ ನನ್ನ ಕಾಲು ಸಾಲಲಿಲ್ಲ. ನಾನು ಆಸ್ಪತ್ರೆಯ ಗೇಟು ಮುಟ್ಟುವ ಹೊತ್ತಿಗೆ ಅವರು ಒಳಗೆ ಹೋಗಿ, ಕೆಲಸ ಮುಗಿಸಿ, ಹೊರಗೆ ಬರುತ್ತಿದ್ದರು.

‘ಬರ್ದುಕೊಟ್ರು’ ಎಂದರು. ‘ಬಾ, ಮೂಟೆ ಬಿಚ್ಚೋದು ಐತೆ.’